ಬಾಕ್ಸ್‌ಸ್ಟರ್‌ಗೆ 911ರ ವೀಲ್: ಮುಂದೆ ಕೂರುತ್ತದೆ, ಹಿಂದೆ ತಗುಲುತ್ತದೆ

ಪ್ರಶ್ನೆ: ನಾನು ಹುಬ್ಬಳ್ಳಿಯವನು. ನನ್ನ ಹತ್ತಿರ 2007ರ ಪೋರ್ಷೆ ಬಾಕ್ಸ್‌ಸ್ಟರ್ (987 ಅನ್ನುವ ತಲೆಮಾರಿನದು) ಇದೆ, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಕಂಪನಿಯ 18 ಇಂಚಿನ ವೀಲ್ ಇವೆ. ಮುಂದೆ 235/40, ಹಿಂದೆ 265/40 ಟೈರ್ (ಮೊದಲ ಅಂಕಿ ಮಿ.ಮೀ.ನಲ್ಲಿ ಟೈರಿನ ಅಗಲ, ಎರಡನೆಯದು ಪಕ್ಕೆಯ ಎತ್ತರ ಆ ಅಗಲದ ಶೇಕಡಾ ಎಷ್ಟು ಅನ್ನುವುದು). ಬೆಂಗಳೂರಿನ ಪರಿಚಯದವರೊಬ್ಬರು ತಮ್ಮ 911 ಕ್ಯಾರೆರಾ ಎಸ್ (997) ಕಾರಿನ 19 ಇಂಚಿನ ನಾಲ್ಕೂ ವೀಲ್ ಟೈರ್ ಸಮೇತ ಕಡಿಮೆ ಬೆಲೆಗೆ ಕೊಡುತ್ತೇನೆ ಅಂತಿದ್ದಾರೆ. ಬೋಲ್ಟ್ ತೂತು ಸರಿ ಹೊಂದುತ್ತವೆ, ತಾಪತ್ರಯ ಇಲ್ಲ ಅಂತ ಟೈರ್ ಅಂಗಡಿಯವರೂ ಹೇಳಿದರು. ಹಾಕಿಸಬಹುದಾ?

ಉತ್ತರ: ಮುಂದಿನ ಎರಡನ್ನು ಹಾಕಿಸಬಹುದು. ಹಿಂದಿನ ಎರಡು ಬೇಡ.

ಅಂಗಡಿಯವರು ಹೇಳಿದ್ದು ಸುಳ್ಳಲ್ಲ. ಎರಡೂ ಕಾರಿನಲ್ಲಿ 130 ಮಿ.ಮೀ. ವೃತ್ತದ ಮೇಲೆ ಐದು ಬೋಲ್ಟ್, ನಡುವಿನ ತೂತು 71.6 ಮಿ.ಮೀ. ಆದರೆ ಈ ಲೆಕ್ಕಕ್ಕೆ ಮೊದಲ ತಲೆಮಾರಿನ ಆಡಿ ಕ್ಯೂ7, ಫೋಕ್ಸ್‌ವ್ಯಾಗನ್ ಟೌರೆಗ್ ವೀಲ್‌ಗಳೂ ನಿಮ್ಮ ಹಬ್ (ಕಾರಿನಲ್ಲಿ ವೀಲ್ ಬಿಗಿಸುವ, ತಿರುಗುವ ಭಾಗ) ಮೇಲೆ ಕೂರಬೇಕು! ತೂತು ಹೊಂದಿದರೆ ವೀಲ್ ಹಬ್‌ಗೆ ಸಿಕ್ಕಿಕೊಳ್ಳುತ್ತದೆ, ಅಷ್ಟೇ. ಅದು ಎಷ್ಟು ಒಳಗೆ, ಎಷ್ಟು ಹೊರಗೆ ನಿಲ್ಲುತ್ತದೆ ಅನ್ನುವುದನ್ನು ಹೇಳುವುದು ಅಗಲ ಮತ್ತು ಆಫ್‌ಸೆಟ್. ವೀಲ್ ಮೇಲೆ 'ಇಟಿ' ಅಕ್ಷರದ ಪಕ್ಕ ಬರೆದಿರುವ ಅಂಕಿಯೇ ಆಫ್‌ಸೆಟ್. ವೀಲ್‌ನ ಅಗಲದ ನಟ್ಟನಡುವಿನಿಂದ ಹಬ್‌ಗೆ ತಾಗುವ ಮುಖ ಎಷ್ಟು ಮಿ.ಮೀ. ಹೊರಗಿದೆ ಎಂದು ಅದು ಹೇಳುತ್ತದೆ. ಅಂಕಿ ಹೆಚ್ಚಾದಷ್ಟೂ ವೀಲ್ ಒಳಗೆ ಸರಿಯುತ್ತದೆ.

ಮುಂದಿನ ವೀಲ್ ವಿಷಯ ಬೇಗ ಮುಗಿಯುತ್ತದೆ. ನಿಮ್ಮದು 8 ಇಂಚು ಅಗಲ, ಇಟಿ 57. 911ರದ್ದೂ 8 ಇಂಚು, ಇಟಿ 57. ಇಂಚೂ ಆಚೀಚೆ ಇಲ್ಲ.

ಹಿಂದೆ ನೋಡಿ. ನಿಮ್ಮ ವೀಲ್ 9 ಇಂಚು, ಇಟಿ 43. ಅವರು ಕೊಡುತ್ತಿರುವುದು 11 ಇಂಚು, ಇಟಿ 67. ಅಗಲದ ಅರ್ಧಕ್ಕೆ ಇಟಿ ಕೂಡಿಸಿದರೆ ಹಬ್‌ನಿಂದ ಒಳಗೆ ಎಷ್ಟು ಚಾಚುತ್ತದೆ ಎಂದು ಗೊತ್ತಾಗುತ್ತದೆ, ಕಳೆದರೆ ಹೊರಗೆ ಎಷ್ಟು ಎಂದು. ನಿಮ್ಮದು ಒಳಗೆ ಸುಮಾರು 157 ಮಿ.ಮೀ., ಹೊರಗೆ 71. ಅವರದ್ದು ಒಳಗೆ 207, ಹೊರಗೆ 73. ಹೊರಗಿನಿಂದ ನೋಡಿದರೆ ಏನೂ ವ್ಯತ್ಯಾಸ ಕಾಣುವುದಿಲ್ಲ. ಹೆಚ್ಚಿನ ಅಗಲವೆಲ್ಲ, ಹತ್ತಿರ ಹತ್ತಿರ 5 ಸೆಂ.ಮೀ., ಒಳಗೇ ಹೋಗಿ ಕೂರುತ್ತದೆ.

911ರಲ್ಲಿ ಇದಕ್ಕೆ ಜಾಗ ಇದೆ. ಅದರ ಹಿಂದೆ ಮಲ್ಟಿಲಿಂಕ್ ಸಸ್ಪೆನ್ಶನ್, ಅಂದರೆ ಚಕ್ರವನ್ನು ಹಲವು ತೋಳುಗಳು ಹಿಡಿದಿರುತ್ತವೆ. ನಿಮ್ಮ ಬಾಕ್ಸ್‌ಸ್ಟರ್‌ನಲ್ಲಿ ಹಿಂದೆಯೂ ಮ್ಯಾಕ್‌ಫರ್ಸನ್ ಸ್ಟ್ರಟ್, ಅಂದರೆ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದಾಗಿರುವ ಕಂಬ. ಆ ಸ್ಟ್ರಟ್ ಟೈರಿನ ಪಕ್ಕದಲ್ಲೇ ನೆಟ್ಟಗೆ ನಿಂತಿರುತ್ತದೆ. ಕಾರನ್ನು ಜಾಕ್ ಮೇಲೆತ್ತಿ, ನಿಮ್ಮ ಈಗಿನ ಟೈರಿಗೂ ಸ್ಟ್ರಟ್‌ಗೂ ನಡುವೆ ಬೆರಳು ತೂರಿಸಿ ನೋಡಿ. 5 ಸೆಂ.ಮೀ. ಎಲ್ಲಿಂದ ಬರಬೇಕು?

ಸ್ಪೇಸರ್ (ಹಬ್‌ಗೂ ವೀಲ್‌ಗೂ ನಡುವೆ ಇಡುವ ಬಿಲ್ಲೆ) ಹಾಕಿದರೆ ಆಯಿತಲ್ಲ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. 15 ಮಿ.ಮೀ. ಸ್ಪೇಸರ್ ಹಾಕಿ. ಒಳಗೆ ಇನ್ನೂ 35 ಮಿ.ಮೀ. ಜಾಸ್ತಿಯೇ ಉಳಿಯುತ್ತದೆ, ಹೊರಗೆ 16 ಮಿ.ಮೀ. ಚಾಚಿ ಫೆಂಡರ್ ಹತ್ತಿರ ಬರುತ್ತದೆ. ಎರಡೂ ಕಡೆ ಸಾಲದು. ಪೋರ್ಷೆ ತಾನೇ 987ಕ್ಕೆ ಕೊಟ್ಟ 19 ಇಂಚಿನ ಹಿಂದಿನ ವೀಲ್ 9.5 ಇಂಚು, ಇಟಿ 46, ಟೈರ್ 265/35. ಅಂದರೆ ಹಳೆಯದಕ್ಕಿಂತ ಒಳಗೆ ಬರೀ 9 ಮಿ.ಮೀ. ಹೆಚ್ಚು. ಕಾರು ಮಾಡಿದವರೇ ಅಷ್ಟಕ್ಕೆ ನಿಂತಿದ್ದಾರೆ ಅಂದರೆ ನಾವೂ ಅಲ್ಲೇ ನಿಲ್ಲುವುದು ಒಳ್ಳೆಯದು ಅಲ್ವಾ?

ಒಂದು ವೇಳೆ ಹೇಗೋ ಕೂರಿಸಿದರೂ ನನಗೆ ಇಷ್ಟವಾಗದ ಮಾತು ಇನ್ನೊಂದಿದೆ. 911ರ ಎಂಜಿನ್ ಹಿಂದಿನ ಆಕ್ಸಲ್‌ಗಿಂತಲೂ ಹಿಂದೆ ಇದೆ. ಆ ತೂಕ ಹಿಡಿಯಲು ಅದರ ಹಿಂದೆ 295 ಮಿ.ಮೀ. ಅಗಲದ ಟೈರ್ ಬೇಕು. ನಿಮ್ಮ ಕಾರಿನ ಎಂಜಿನ್ ನಡುವಿದೆ. ಮುಂದೆ 235 ಇಟ್ಟು ಹಿಂದೆ 295 ಹಾಕಿದರೆ ಹಿಂದಿನ ಹಿಡಿತ ಹೆಚ್ಚಿ, ತಿರುವಿನಲ್ಲಿ ಮೂತಿ ಹೊರಗೆ ಜಾರತೊಡಗುತ್ತದೆ. ಬಾಕ್ಸ್‌ಸ್ಟರ್ ಕೊಳ್ಳುವುದೇ ಅದು ಸ್ಟಿಯರಿಂಗ್ ತಿರುಗಿಸಿದ ಕಡೆ ಸರಕ್ಕನೆ ತಿರುಗುತ್ತದೆ ಅಂತ. ಆ ಗುಣವನ್ನು ದುಡ್ಡು ಕೊಟ್ಟು ಕಳೆದುಕೊಳ್ಳಬೇಡಿ. ಟೈರಿನ ವ್ಯಾಸವೂ ಬದಲಾಗುತ್ತದೆ. ಈಗ ಹಿಂದಿನ ಟೈರ್ ಮುಂದಿನದಕ್ಕಿಂತ ಸುಮಾರು ಶೇ 3.7ರಷ್ಟು ದೊಡ್ಡದು. ಹೊಸ ಸೆಟ್‌ನಲ್ಲಿ ಅದು ಶೇ 2ಕ್ಕೆ ಇಳಿಯುತ್ತದೆ. ಎಬಿಎಸ್ ಮತ್ತು ಸ್ಟೆಬಿಲಿಟಿ ಕಂಟ್ರೋಲ್ ನಾಲ್ಕು ಚಕ್ರಗಳ ವೇಗವನ್ನು ಹೋಲಿಸಿಯೇ ಕೆಲಸ ಮಾಡುತ್ತವೆ. ಆ ಲೆಕ್ಕವನ್ನು ಕೆಡಿಸುವುದು ಬೇಡ.

ಹಾಗಾದರೆ 911ರ ಮುಂದಿನ ಜೋಡಿ ತಗೊಂಡು, ಹಿಂದಕ್ಕೆ 987ರದ್ದೇ 9.5 ಇಂಚಿನ ಜೋಡಿ ಹುಡುಕಬಹುದು. ಅದು ಸರಿಯಾದ ದಾರಿ. ಆದರೂ ನನ್ನನ್ನು ಕೇಳಿದರೆ 18 ಇಂಚೇ ಇರಲಿ. ನಿಮ್ಮ ಮುಂದಿನ ಟೈರಿನ ಪಕ್ಕೆ ಈಗ 94 ಮಿ.ಮೀ. ಎತ್ತರ ಇದೆ, 19ಕ್ಕೆ ಹೋದರೆ 82. ಮಳೆಗಾಲ ಮುಗಿದ ಮೇಲೆ ಅಣ್ಣಿಗೇರಿ, ನವಲಗುಂದದ ಕಡೆ ಹೋಗಿ ಬನ್ನಿ. ಎರೆ ಮಣ್ಣು ಉಬ್ಬಿ ಇಳಿದು ರಸ್ತೆ ಅಲೆ ಅಲೆಯಾಗಿರುತ್ತದೆ. ಅಲ್ಲಿ ಆ 12 ಮಿ.ಮೀ. ರಬ್ಬರೇ ರಿಮ್ ಕಾಯುವುದು.

ಯಾವ ಹಳೆಯ ಸೆಟ್ ಕೊಂಡರೂ ಮೊದಲು ಇಟಿ ಅಂಕಿ ಓದಿ. '911ರದ್ದು' ಅಂದರೆ ಸಾಲದು. ಕ್ಯಾರೆರಾ 4ಎಸ್‌ನ ಹಿಂದಿನ ವೀಲ್ ಕೂಡ 11 ಇಂಚೇ, ಆದರೆ ಇಟಿ 51, ಅಗಲ ಮೈಯ ಕಾರಿಗೆಂದು ಮಾಡಿದ್ದು. ವೀಲನ್ನು ಬ್ಯಾಲೆನ್ಸಿಂಗ್ ಮಷೀನಿಗೆ ಹಾಕಿ ತಿರುಗಿಸಿ, ರಿಮ್ ಅಂಚು ಓಲಾಡುತ್ತದಾ ನೋಡಿ. ಒಳಬದಿಯಲ್ಲಿ ವೆಲ್ಡಿಂಗ್ ಗುರುತು ಕಂಡರೆ ಬಿಟ್ಟುಬಿಡಿ. ಟೈರ್ ಪಕ್ಕೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ: 3219 ಅಂದರೆ 2019ರ 32ನೇ ವಾರ. ಆರು ವರ್ಷ ದಾಟಿದ ಟೈರ್‌ಗೆ ಎಷ್ಟೇ ಗ್ರಿಪ್ ಇದ್ದರೂ ಬೆಲೆ ಕಟ್ಟಬೇಡಿ. ಕಂಪನಿ ಕೊಡದ ಸೈಜ್ ಹಾಕಿದರೆ ವಿಮೆಯವರು ತಕರಾರು ತೆಗೆಯಬಹುದು, ಅದನ್ನೂ ಮೊದಲೇ ಕೇಳಿಕೊಳ್ಳಿ.

ಬೋಲ್ಟ್ ವಿಷಯದಲ್ಲಿ ಎಚ್ಚರ ಇರಲಿ. ಪೋರ್ಷೆ ಬೋಲ್ಟ್ ಕೂರುವ ಜಾಗ ಗುಂಡಗಿದೆ. ಹೊರಗಡೆ ಸಿಗುವ ಕೋನ್ ಆಕಾರದ ಬೋಲ್ಟ್ ಅಲ್ಲಿ ಅಂಚಿನಲ್ಲಿ ಮಾತ್ರ ತಾಗುತ್ತದೆ, ಓಡುತ್ತಾ ಸಡಿಲವಾಗುತ್ತದೆ. ನಿಮ್ಮ ಹಳೆಯ ಬೋಲ್ಟನ್ನೇ ಬಳಸಿ. ಗನ್‌ನಲ್ಲಿ ಬಿಗಿಸಲು ಬಿಡಬೇಡಿ, ಟಾರ್ಕ್ ರೆಂಚ್‌ನಲ್ಲಿ 130 ನ್ಯೂಟನ್ ಮೀಟರ್‌ಗೆ ಬಿಗಿಸಲು ಹೇಳಿ. ಧಾರವಾಡದವರೆಗೆ ಒಮ್ಮೆ ಹೋಗಿ ಬಂದು, ವೀಲ್ ತಣ್ಣಗಾದ ಮೇಲೆ ಅದೇ ರೆಂಚ್‌ನಲ್ಲಿ ಇನ್ನೊಮ್ಮೆ ನೋಡಿಸಿ.