ಖಗೋಳ ವಿಜ್ಞಾನದ ಪಿಎಚ್‌ಡಿ ಬೆಂಗಳೂರಿನ ಕೋರಮಂಗಲದಲ್ಲಿ, ದೂರದರ್ಶಕ ಮಾತ್ರ ಲಡಾಖಿನಲ್ಲಿ. ಯಾಕೆ?

ಮುಖ್ಯ ಕಾರಣ ನಮ್ಮ ತಲೆ ಮೇಲಿರುವ ನೀರಾವಿ. ನಕ್ಷತ್ರಗಳಿಂದ ಬರುವ ಅವಕೆಂಪು ಬೆಳಕು, ಅಂದರೆ ಕಣ್ಣಿಗೆ ಕಾಣದ ಶಾಖದ ಕಿರಣ, ನೆಲ ಮುಟ್ಟುವ ಮೊದಲೇ ಅದರಲ್ಲಿ ಬಹುಪಾಲನ್ನು ನೀರಾವಿ ಹೀರಿಬಿಡುತ್ತದೆ. ಬೆಂಗಳೂರಲ್ಲಿ ಊರ ದೀಪಗಳ, ಮಳೆಗಾಲದ ಮೋಡಗಳ ಕಾಟ ಬೇರೆ. ಅದಕ್ಕೇ ಕೋರಮಂಗಲದ ಭಾರತೀಯ ಖಭೌತ ಸಂಸ್ಥೆ ತನ್ನ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಲಡಾಖಿನ ಹಾನ್ಲೆಯಲ್ಲಿಟ್ಟಿದೆ. ಕನ್ನಡಿಯ ಅಗಲ 2 ಮೀಟರ್. ಜಾಗ ಸುಮಾರು 4,500 ಮೀಟರ್ ಎತ್ತರದ ಒಣ ಮರುಭೂಮಿ. ಹೆಚ್ಚಿನ ನೀರಾವಿ ಅದಕ್ಕಿಂತ ಕೆಳಗೇ ಉಳಿಯುತ್ತದೆ.

ಹಾಗಂತ ವಿದ್ಯಾರ್ಥಿಗಳು ಪ್ರತಿ ಸಲ ಅಲ್ಲಿಗೆ ಹೋಗಬೇಕಿಲ್ಲ. ಬೆಂಗಳೂರಿನ ಹತ್ತಿರ ಹೊಸಕೋಟೆಯಲ್ಲಿರುವ ಸಂಸ್ಥೆಯ ಕೇಂದ್ರದಲ್ಲಿ ರಾತ್ರಿಯಿಡೀ ಪರದೆ ಮುಂದೆ ಕೂತು, ಉಪಗ್ರಹ ಸಂಪರ್ಕದಿಂದ ದೂರದರ್ಶಕವನ್ನು ತಿರುಗಿಸುತ್ತಾರೆ.

ನನಗೆ ತುಂಬಾ ಇಷ್ಟವಾಗುವ ಸಂಗತಿ ಇನ್ನೊಂದಿದೆ. ಮೋಡ ಕವಿದ ರಾತ್ರಿ ಬೆಂಗಳೂರಲ್ಲಿ ಸೆಕೆ ಜಾಸ್ತಿ ಅಲ್ವಾ? ನೆಲದಿಂದ ಮೇಲೇಳುವ ಶಾಖವನ್ನು ಮೋಡ, ನೀರಾವಿ ಎರಡೂ ತಡೆಯುತ್ತವೆ. ಹಾನ್ಲೆಯಲ್ಲಿ ಆ ತಡೆ ತೀರಾ ಕಡಿಮೆ, ಹೊತ್ತು ಮುಳುಗಿದ್ದೇ ಕೊರೆಯುವ ಚಳಿ. ಖಗೋಳದವರು ತಪ್ಪಿಸಿಕೊಳ್ಳಲು ಬೆಟ್ಟ ಹತ್ತಿದ್ದು ಯಾವುದರಿಂದಲೋ, ಆ ನೀರಾವಿಯನ್ನೇ ಭಾರತೀಯ ವಿಜ್ಞಾನ ಸಂಸ್ಥೆಯ ಹವಾಮಾನ ಸಂಶೋಧಕರು ಕೂತು ಲೆಕ್ಕ ಹಾಕುತ್ತಾರೆ.