ಕರಾವಳಿಯ ಅಂಗಳದಲ್ಲಿ ಕಡುಗೆಂಪು ಗುಲಾಬಿ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ಮನೆಯೆದುರು ಹತ್ತಡಿ ಉದ್ದ, ಎಂಟಡಿ ಅಗಲದ ಜಾಗವಿದೆ. ಕಪ್ಪಿಗೆ ಹತ್ತಿರದ ಕೆಂಪು, ಒಳ್ಳೆಯ ಪರಿಮಳ ಇರುವ ದೊಡ್ಡ ಗುಲಾಬಿ ಬೆಳೆಸಬೇಕೆಂದು ಆಸೆ. ಎರಡು ವರ್ಷ ಜೂನ್ ತಿಂಗಳಲ್ಲಿ ಕಸಿ ಗಿಡ ತಂದು ನೆಟ್ಟೆವು. ಎರಡೂ ಸಲ ಆಗಸ್ಟ್‌ಗೆ ಮುಂಚೆ ಸತ್ತವು. ಯಾವ ತಳಿ ನೆಡಬೇಕು, ಹೇಗೆ ನೆಡಬೇಕು?
– ಓದುಗರು, ಕಟಪಾಡಿ

ಉತ್ತರ: ತಪ್ಪಿದ್ದು ತಿಂಗಳು. ತೆಂಗು, ಅಡಿಕೆ, ಬಾಳೆ ಎಲ್ಲವನ್ನೂ ಮಳೆ ಹಿಡಿಯುವ ಹೊತ್ತಿಗೆ ನೆಡುವುದು ನಮ್ಮ ಕಡೆಯ ರೂಢಿ. ಗುಲಾಬಿಗೆ ಮಾತ್ರ ಅದು ಹೇಳಿದ್ದಲ್ಲ. ಮುರಕಲ್ಲಿನ (ಕೆಂಪುಕಲ್ಲಿನ) ನೆಲದಲ್ಲಿ ತೋಡಿದ ಹೊಂಡ ಜುಲೈ ತಿಂಗಳಿಗೆ ನೀರಿನ ತೊಟ್ಟಿಯಾಗುತ್ತದೆ. ಬೇರಿಗೆ ಗಾಳಿ ಸಿಗದೆ ಕೊಳೆಯುತ್ತದೆ, ಮೇಲೆ ಎಲೆ ಬಾಡುತ್ತದೆ. ಬಾಡಿತೆಂದು ಇನ್ನಷ್ಟು ಗೊಬ್ಬರ ಹಾಕುತ್ತೇವೆ, ಗಿಡ ಬೇಗ ಸಾಯುತ್ತದೆ. ಅಕ್ಟೋಬರ್ ನಡುವಿನಿಂದ ನವೆಂಬರ್ ಕೊನೆಯೊಳಗೆ ನೆಡಿ. ಮುಂದಿನ ಮಳೆಗೆ ಮೊದಲು ಬೇರು ಊರಲು ಆರು ತಿಂಗಳು ಸಿಗುತ್ತದೆ.

ತಳಿಯ ವಿಚಾರ. ಉದ್ದ ತೊಟ್ಟಿನ ತುದಿಗೆ ಒಂದೊಂದೇ ದೊಡ್ಡ ಹೂ ಬಿಡುವ ಬಗೆಯಾದ ಹೈಬ್ರಿಡ್ ಟೀ ಗುಲಾಬಿಗಳ ಕಡುಗೆಂಪು ತಳಿಗಳಲ್ಲಿ ಹೆಸರಾದ ಮೂರು, ಮಿಸ್ಟರ್ ಲಿಂಕನ್, ಓಕ್ಲಹೋಮ, ಪಾಪಾ ಮೆಯ್ಲಾಂಡ್, ಒಂದೇ ತಂದೆತಾಯಿಯ ಮಕ್ಕಳು. ಕ್ರೈಸ್ಲರ್ ಇಂಪೀರಿಯಲ್ ಮತ್ತು ಚಾರ್ಲ್ಸ್ ಮಲೆರಿನ್ ತಳಿಗಳ ಅಡ್ಡತಳಿಗಳು ಇವು. ಪಾಪಾ ಮೆಯ್ಲಾಂಡ್ 1963ರದ್ದು, ಉಳಿದೆರಡು 1964ರವು. ಮೂರಕ್ಕೂ ಮನಸೋಲುವ ಪರಿಮಳ. ಆದರೆ ಸ್ವಭಾವ ಒಂದೇ ಅಲ್ಲ. ಪಾಪಾ ಮೆಯ್ಲಾಂಡ್‌ನ ಮಖಮಲ್ಲಿನಂಥ ಎಸಳು ನೋಡಿದವರು ಅದನ್ನೇ ಬೇಕೆನ್ನುತ್ತಾರೆ. ಅದಕ್ಕೆ ಕಪ್ಪು ಚುಕ್ಕೆ ರೋಗ, ಬೂದಿ ರೋಗ ಎರಡೂ ಬೇಗ ತಗಲುತ್ತವೆ. ನಮ್ಮ ತೇವದ ಹವೆಯಲ್ಲಿ ಹೊಸಬರು ಅದರಿಂದ ಶುರುಮಾಡದಿರುವುದು ಒಳ್ಳೆಯದು. ಓಕ್ಲಹೋಮದ ಹೂ ಭಾರ, ತಲೆ ಬಾಗುತ್ತದೆ. ಮೊದಲ ಗಿಡ ಮಿಸ್ಟರ್ ಲಿಂಕನ್ ಆಗಲಿ. ಎತ್ತರಕ್ಕೆ ಹೋಗುತ್ತದೆ, ತೊಟ್ಟು ಉದ್ದ, ಕಾಂಡಕ್ಕೆ ಕಸುವಿದೆ. ನರ್ಸರಿಯಲ್ಲಿ ಬರೀ ‘ಕಪ್ಪು ಗುಲಾಬಿ’ ಎಂದು ಚೀಟಿ ಅಂಟಿಸಿದ ಗಿಡ ಬೇಡ. ನಿಜವಾದ ಕಪ್ಪು ಗುಲಾಬಿ ಎಂಬುದಿಲ್ಲ, ತಳಿಯ ಹೆಸರು ಕೇಳಿ. ಹೂ ಬಿಟ್ಟಿರುವಾಗಲೇ ನೋಡಿ ತಂದರೆ ಮೋಸವಿಲ್ಲ.

ನಿಮ್ಮ ಜಾಗಕ್ಕೆ ಆರು ಗಿಡ ಸಾಕು. ಗಿಡದಿಂದ ಗಿಡಕ್ಕೆ ಎರಡೂವರೆ ಅಡಿ. ಹತ್ತಿರ ನೆಟ್ಟರೆ ಗಾಳಿಯಾಡದೆ ಎಲೆ ಒಣಗುವುದಿಲ್ಲ. ಬೆಳಗಿನ ಬಿಸಿಲು ಐದಾರು ಗಂಟೆ ಬೀಳುವಲ್ಲಿ, ಆದರೆ ಮಧ್ಯಾಹ್ನ ಎರಡರ ನಂತರ ಮನೆಯದೋ ತೆಂಗಿನದೋ ನೆರಳು ಬರುವಲ್ಲಿ ಜಾಗ ಆರಿಸಿ. ನೆಲದ ಮಟ್ಟದಲ್ಲಿ ನೆಡಬೇಡಿ. ಸುತ್ತ ಕೆಂಪುಕಲ್ಲು ಇಟ್ಟು ಒಂದಡಿ ಎತ್ತರದ ಏರಿ ಮಾಡಿ, ಕೆಳಗಿನ ನೆಲವನ್ನೂ ಒಂದಡಿ ಆಳಕ್ಕೆ ಅಗೆದು ಸಡಿಲಿಸಿ. ತುಂಬುವ ಮಿಶ್ರಣ ಹೀಗಿರಲಿ: ಎರಡು ಪಾಲು ಮೇಲ್ಮಣ್ಣು, ಒಂದು ಪಾಲು ಚೆನ್ನಾಗಿ ಹಳತಾದ ಹಟ್ಟಿಗೊಬ್ಬರ, ಒಂದು ಪಾಲು ಹೊಳೆಯ ದಪ್ಪ ಹೊಯ್ಗೆ (ಮರಳು). ಕಡಲ ಹೊಯ್ಗೆ ಬೇಡ, ಉಪ್ಪಿರುತ್ತದೆ. ಸುಡುಮಣ್ಣು ಸಿಕ್ಕಿದರೆ ಗಿಡಕ್ಕೆ ಎರಡು ಬೊಗಸೆ ಸೇರಿಸಿ.

ನಮ್ಮ ಮಣ್ಣು ಹುಳಿ. ಗುಲಾಬಿಗೆ ಮಣ್ಣಿನ ರಸಸಾರ (ಪಿಎಚ್) 6ರಿಂದ 6.5 ಇದ್ದರೆ ಹಿತ. ಗಿಡವೊಂದರ ಮಣ್ಣಿಗೆ ನೂರು ಗ್ರಾಂ ಚಿಪ್ಪಿನ ಸುಣ್ಣದ ಹುಡಿಯನ್ನು ನೆಡುವ ಮೂರು ವಾರ ಮೊದಲೇ ಕಲಸಿಡಿ. ಗೊಬ್ಬರ ಸೇರಿಸುವುದು ಆಮೇಲೆ. ಸುಣ್ಣ, ಗೊಬ್ಬರ ಒಟ್ಟಿಗೆ ಬಿದ್ದರೆ ಸಾರಜನಕ ಅಮೋನಿಯವಾಗಿ ಹಾರಿಹೋಗುತ್ತದೆ.

ಹೊರಗಿನಿಂದ ಬರುವ ಎಷ್ಟೋ ಕಸಿ ಗಿಡಗಳ ಬೇರು ಗಟ್ಟಿ ಜೇಡಿಮಣ್ಣಿನ ಉಂಡೆಯೊಳಗಿರುತ್ತದೆ. ಅದನ್ನು ಹಾಗೇ ಹೂತರೆ ಬೇರು ಉಂಡೆ ಬಿಟ್ಟು ಹೊರಗೆ ಬರುವುದಿಲ್ಲ. ಬಕೆಟ್ ನೀರಿನಲ್ಲಿ ಅರ್ಧ ಗಂಟೆ ಇಟ್ಟು, ಹೊರಗಿನ ಅರ್ಧ ಇಂಚು ಜೇಡಿಯನ್ನು ಕೈಯಲ್ಲೇ ತೊಳೆದು ತೆಗೆಯಿರಿ. ಬೇರು ಹರಿಯಬಾರದು. ಕಸಿ ಕಟ್ಟಿದ ಗಂಟು ಮಣ್ಣಿನಿಂದ ಎರಡು ಇಂಚು ಮೇಲಿರಲಿ. ಚಳಿ ದೇಶದವರು ಅದನ್ನು ಹೂಳುತ್ತಾರೆ, ಇಲ್ಲಿ ಹೂತರೆ ಕೊಳೆಯುತ್ತದೆ.

ಪ್ರಶ್ನೆ: ಜೂನ್ ಕಳೆಯುವುದರೊಳಗೆ ಎಲೆಗಳಲ್ಲಿ ಕಪ್ಪು ಮಚ್ಚೆ ಬಂದು, ಹಳದಿಯಾಗಿ, ಎಲ್ಲ ಉದುರುತ್ತವೆ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಬರೀ ಕಡ್ಡಿ. ಆಮೇಲೆ ತುದಿಯಿಂದ ಒಣಗುತ್ತದೆ. ಮದ್ದು ಹೇಳಿ.
– ಓದುಗರು, ಕಿನ್ನಿಗೋಳಿ

ಉತ್ತರ: ಮಚ್ಚೆಯ ಅಂಚು ನೇರವಾಗಿರದೆ ಗರಿಯಂತೆ ಒಡೆದಿದ್ದರೆ ಅದು ಕಪ್ಪು ಚುಕ್ಕೆ ರೋಗ. ಅದರ ಶಿಲೀಂಧ್ರ ಎಲೆಯೊಳಗೆ ಇಳಿಯಬೇಕಾದರೆ ಎಲೆ ಸುಮಾರು ಏಳು ಗಂಟೆ ಒಂದೇ ಸಮ ಒದ್ದೆಯಾಗಿರಬೇಕು. ಮಳೆಗಾಲದಲ್ಲಿ ಅದಕ್ಕೆ ಇಲ್ಲಿ ಕೊರತೆಯೇ ಇಲ್ಲ. ಆದ್ದರಿಂದ ಮದ್ದಿಗಿಂತ ಮೊದಲು ಗಿಡದ ಮೇಲೆ ಮಾಡು (ಚಾವಣಿ) ಬೇಕು. ಆರಡಿ ಎತ್ತರಕ್ಕೆ ನಾಲ್ಕು ಕಂಬ ನೆಟ್ಟು, ಮೇಲೆ ಪಾರದರ್ಶಕ 200 ಮೈಕ್ರಾನ್ ಪ್ಲಾಸ್ಟಿಕ್ ಹಾಳೆ ಇಳಿಜಾರಾಗಿ ಕಟ್ಟಿ. ನಾಲ್ಕೂ ಬದಿ ತೆರೆದಿರಲಿ, ಬದಿ ಮುಚ್ಚಿದರೆ ಒಳಗೆ ಸೆಕೆ ನಿಂತು ರೋಗ ಹೆಚ್ಚುತ್ತದೆ. ಕುಂಡದ ಗಿಡವಾದರೆ ಮಾಡಿನ ಅಂಚಿನ ಒಳಕ್ಕೆ ಸರಿಸಿದರಾಯಿತು.

ಮದ್ದು ರೋಗ ಬಂದ ಮೇಲಲ್ಲ, ಪತ್ತನಾಜೆ (ಮೇ ಕೊನೆಯ ವಾರ) ಹೊತ್ತಿಗೇ ಶುರುವಾಗಬೇಕು. ಲೀಟರಿಗೆ ಎರಡು ಗ್ರಾಂ ಮ್ಯಾಂಕೋಜೆಬ್, ಹತ್ತು ದಿನ ಬಿಟ್ಟು ಒಂದು ಗ್ರಾಂ ಕಾರ್ಬೆಂಡಾಜಿಮ್, ಹೀಗೆ ಬದಲಿಸುತ್ತಾ ಅಂಟು ದ್ರಾವಣ ಸೇರಿಸಿ ಎಲೆಯ ಅಡಿಗೂ ತಾಗುವಂತೆ ಸಿಂಪಡಿಸಿ. ಒಂದೇ ಮದ್ದು ಹಿಡಿದರೆ ಶಿಲೀಂಧ್ರ ಅದಕ್ಕೆ ಒಗ್ಗಿಕೊಳ್ಳುತ್ತದೆ. ಕೈಗವಸು, ಮುಖಕ್ಕೆ ಬಟ್ಟೆ ಇರಲಿ. ಬಾವಿಕಟ್ಟೆಯ ಹತ್ತಿರ ಬೆರೆಸಬೇಡಿ. ಉದುರಿದ ಎಲೆಗಳನ್ನು ಹೆಕ್ಕಿ ಸುಡಿ, ಗೊಬ್ಬರದ ಗುಂಡಿಗೆ ಹಾಕಬೇಡಿ. ಅಡಿಕೆಗೆ ಹೊಡೆದು ಉಳಿದ ಬೋರ್ಡೋ ದ್ರಾವಣವನ್ನು (ತಾಮ್ರವಿರುವ ಮೈಲುತುತ್ತ ಮತ್ತು ಸುಣ್ಣದ ಮಿಶ್ರಣ) ಗುಲಾಬಿಯ ಎಲೆಗೆ ಬಿಡುವವರಿದ್ದಾರೆ. ಗುಲಾಬಿಯ ಎಳೆ ಎಲೆ ತಾಮ್ರಕ್ಕೆ ಸುಟ್ಟು ಉದುರಬಹುದು. ಬೋರ್ಡೋ ಕಾಂಡಕ್ಕೆ ಮಾತ್ರ.

ಜೂನ್‌ನಿಂದ ಆಗಸ್ಟ್‌ವರೆಗೆ ಹೂವಿನ ಆಸೆ ಬಿಡಿ. ಮೊಗ್ಗು ಕಡಲೆಕಾಳಿನಷ್ಟಿರುವಾಗಲೇ ಚಿವುಟಿ, ಎಲೆ ಒಂದನ್ನೂ ಕೀಳಬೇಡಿ. ಯೂರಿಯಾ, ಹಿಂಡಿ ಏನೂ ಬೇಡ. ಆ ಮೂರು ತಿಂಗಳು ಎಲೆ ಉಳಿಸಿಕೊಂಡ ಗಿಡದ ಕಾಂಡದಲ್ಲಿ ಕೂಡಿಟ್ಟ ಆಹಾರವೇ ಡಿಸೆಂಬರಿನ ಹೂ. ಎಲೆ ಕಳೆದುಕೊಂಡ ಗಿಡ ಆ ಆಹಾರವನ್ನು ಖರ್ಚು ಮಾಡಿ ಮತ್ತೆ ಮತ್ತೆ ಚಿಗುರುತ್ತದೆ, ಸೋಲುತ್ತದೆ, ಆಗ ತುದಿ ಒಣಗುವ ರೋಗ ಹಿಡಿಯುತ್ತದೆ. ನಿಮ್ಮಲ್ಲಿ ಆಗಿರುವುದು ಇದೇ.

ಒಣಗಿದ ಕಡ್ಡಿಯನ್ನು ಮಳೆ ನಾಲ್ಕೈದು ದಿನ ಬಿಡುವು ಕೊಟ್ಟಾಗ ಕತ್ತರಿಸಿ. ಕತ್ತರಿಸಿದ ಬಾಯಿಯನ್ನು ನೋಡಿ: ನಡುವಿನ ತಿರುಳು ಬಿಳಿಯಾಗಿದ್ದರೆ ಸರಿ, ಕಂದು ಕಂಡರೆ ಇನ್ನೊಂದು ಇಂಚು ಕೆಳಗೆ, ಮತ್ತೆ ಕಂದಾದರೆ ಇನ್ನೂ ಕೆಳಗೆ. ಬಿಳಿ ತಿರುಳು ಬರುವವರೆಗೆ ಕೈ ತಡೆಯಬೇಡಿ. ಪ್ರತಿ ಗಿಡಕ್ಕೂ ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರಸಿ.

ವರ್ಷದ ಮುಖ್ಯ ಸವರುವಿಕೆ ಅಕ್ಟೋಬರಿನಲ್ಲಿ. ಪೆನ್ಸಿಲ್‌ನಷ್ಟು ದಪ್ಪದ ನಾಲ್ಕೈದು ಕಾಂಡ ಉಳಿಸಿ, ಒಂದೂವರೆ ಅಡಿ ಎತ್ತರಕ್ಕೆ, ಹೊರಮುಖದ ಕಣ್ಣಿನಿಂದ (ಚಿಗುರು ಒಡೆಯುವ ಜಾಗ) ಕಾಲಿಂಚು ಮೇಲೆ ಓರೆಯಾಗಿ ಕತ್ತರಿಸಿ. ಬಾಯಿಗೆ ಬೋರ್ಡೋ ಮುಲಾಮು ಹಚ್ಚಿ. ನೂರು ಗ್ರಾಂ ಮೈಲುತುತ್ತನ್ನು ಅರ್ಧ ಲೀಟರ್ ನೀರಿನಲ್ಲಿ, ನೂರು ಗ್ರಾಂ ಸುಣ್ಣವನ್ನು ಇನ್ನರ್ಧ ಲೀಟರ್‌ನಲ್ಲಿ ಪ್ಲಾಸ್ಟಿಕ್ ಪಾತ್ರೆಯಲ್ಲಿ ಕರಗಿಸಿ, ತುತ್ತದ ನೀರನ್ನು ಸುಣ್ಣಕ್ಕೆ ಸುರಿದರೆ ಮುಲಾಮು ಸಿದ್ಧ. ವಾರ ಕಳೆದು ಗಿಡವೊಂದಕ್ಕೆ ಐದು ಕಿಲೋ ಹಟ್ಟಿಗೊಬ್ಬರ, 13 ಗ್ರಾಂ ಯೂರಿಯಾ, 60 ಗ್ರಾಂ ರಾಕ್ ಫಾಸ್ಫೇಟ್, 20 ಗ್ರಾಂ ಪೊಟ್ಯಾಷ್ ಕೊಡಿ. ರಾಕ್ ಫಾಸ್ಫೇಟ್ ಹುಳಿ ಮಣ್ಣಿನಲ್ಲೇ ಚೆನ್ನಾಗಿ ಕರಗುವುದು, ನಮಗದು ಅನುಕೂಲ. ಸವರಿ 45ರಿಂದ 50 ದಿನಕ್ಕೆ ಹೂ. ಕ್ರಿಸ್ಮಸ್‌ಗೇ ಬೇಕೆನ್ನುವವರು ನವೆಂಬರ್ ಮೊದಲ ವಾರ ಸವರಲಿ.

ಪ್ರಶ್ನೆ: ಮೊಗ್ಗು ಚೆನ್ನಾಗಿಯೇ ಬರುತ್ತದೆ. ಅರಳುವಾಗ ಎಸಳಿನ ಅಂಚು ಕರಿದ ಹಾಗೆ ಕಪ್ಪು. ಫೆಬ್ರವರಿ ನಂತರ ಹೆಚ್ಚು. ನೀರು ಕಡಿಮೆಯೇ?
– ಓದುಗರು, ಬಿಜೈ, ಮಂಗಳೂರು

ಉತ್ತರ: ನೀರಲ್ಲದಿರಬಹುದು, ಎರಡು ಕಾರಣ ನೋಡಿ. ಕಡುಗೆಂಪು ಎಸಳು ಬಿಸಿಲಿನ ಕಾವನ್ನು ತಿಳಿಬಣ್ಣದ ಎಸಳಿಗಿಂತ ಹೆಚ್ಚು ಹೀರುತ್ತದೆ. ಪಡುವಣದ ಬಿಸಿಲಿಗೆ ಮುಖಮಾಡಿದ ಹೊರ ಎಸಳು ಮಾತ್ರ ಕಪ್ಪಾಗಿ, ಒಳಗಿನವು ಚೊಕ್ಕವಾಗಿದ್ದರೆ ಅದು ಬಿಸಿಲಿನ ಸುಡುವಿಕೆ. ಮಾರ್ಚ್‌ನಿಂದ ಮೇ ತನಕ ಮಧ್ಯಾಹ್ನದ ನಂತರ ಶೇ 35ರ ನೆರಳುಬಲೆ ಸಾಕು. ಬೆಳಗ್ಗೆ ಏಳಕ್ಕೆ ಮೊದಲು, ಅರೆ ಬಿರಿದ ಮೊಗ್ಗನ್ನೇ ಕತ್ತರಿಸಿ ನೀರಿಗಿಟ್ಟರೆ ಬಣ್ಣ ಉಳಿಯುತ್ತದೆ.

ಒಳಗಿನ ಎಸಳಿನಲ್ಲೂ ಕಂದು ಗೀರು, ಮೊಗ್ಗು ಸೊಟ್ಟ, ಕೆಲವು ಅರಳದೆ ನಿಲ್ಲುವುದು ಕಂಡರೆ ಥ್ರಿಪ್ಸ್ ನುಸಿ. ಬಿಳಿ ಕಾಗದದ ಮೇಲೆ ಹೂವನ್ನು ನಾಲ್ಕು ಸಲ ತಟ್ಟಿ. ಒಂದು ಮಿಲಿಮೀಟರ್ ಉದ್ದದ, ಗೆರೆಯಂಥ ಕಂದು-ಹಳದಿ ಹುಳ ಓಡಾಡಿದರೆ ಅನುಮಾನ ಬೇಡ. ಕೆಟ್ಟ ಮೊಗ್ಗುಗಳನ್ನು ಕಿತ್ತು ಸುಡಿ. ಲೀಟರಿಗೆ ಐದು ಮಿಲಿಲೀಟರ್ ಬೇವಿನೆಣ್ಣೆಯನ್ನು ಸೋಪಿನ ನೀರಿನಲ್ಲಿ ಕದಡಿ ಸಂಜೆ ಹೊತ್ತು ವಾರಕ್ಕೊಮ್ಮೆ ಸಿಂಪಡಿಸಿ. ತಗ್ಗದಿದ್ದರೆ ಸ್ಪೈನೋಸಾಡ್ 45 ಎಸ್‌ಸಿ, ಲೀಟರಿಗೆ 0.3 ಮಿಲಿಲೀಟರ್, ಸೂರ್ಯ ಮುಳುಗಿದ ಮೇಲೆ, ಏಕೆಂದರೆ ಒಣಗದ ಹಸಿ ಮದ್ದು ಜೇನುನೊಣಕ್ಕೆ ವಿಷ. ಮದ್ದು ಬಿದ್ದ ಹೂವಿನಿಂದ ಗುಲ್ಕಂದ್ ಮಾಡಲೇಬೇಡಿ.

ಪ್ರಶ್ನೆ: ನದಿಯ ಹತ್ತಿರ ಮನೆ. ಏಪ್ರಿಲ್, ಮೇ ತಿಂಗಳಲ್ಲಿ ಬಾವಿ ನೀರು ಸ್ವಲ್ಪ ಉಪ್ಪು. ಕುಂಡದ ಗುಲಾಬಿಯ ಹಳೆ ಎಲೆಗಳ ಅಂಚು ಒಣಗುತ್ತಿದೆ. ಬುಡದಿಂದ ಬೇರೆಯೇ ಬಗೆಯ ಉದ್ದ ಚಿಗುರೂ ಬಂದಿದೆ.
– ಓದುಗರು, ಉದ್ಯಾವರ

ಉತ್ತರ: ಅಂಚು ಒಣಗುವುದು ಉಪ್ಪಿನಿಂದ. ದಿನಾ ಸ್ವಲ್ಪ ಸ್ವಲ್ಪ ನೀರು ಹಾಕಿದರೆ ಉಪ್ಪು ಕುಂಡದಲ್ಲೇ ಕೂರುತ್ತದೆ, ಅಂಚಿನಲ್ಲಿ ಬಿಳಿ ಪೊರೆ ಕಾಣುತ್ತದೆ. ಸಾಧ್ಯವಾದರೆ ನಳ್ಳಿ ನೀರು ಕೊಡಿ. ಬಾವಿ ನೀರೇ ಗತಿಯಾದರೆ ಹಾಕಿದಾಗಲೆಲ್ಲ ತಳದ ತೂತಿನಿಂದ ಧಾರಾಳ ಹರಿದು ಹೋಗುವಷ್ಟು ಹಾಕಿ. ಮಾಮೂಲಿ ಕೆಂಪು ಪೊಟ್ಯಾಷ್‌ನಲ್ಲಿ ಕ್ಲೋರೈಡ್ ಇದೆ, ಬೇಸಗೆಯಲ್ಲಿ ಬಿಟ್ಟು ಸಲ್ಫೇಟ್ ಪೊಟ್ಯಾಷ್ ಬಳಸಿ. ಬೇಸಗೆ ಮಳೆ ಬಂದಾಗ ಒಂದೆರಡು ದೊಡ್ಡ ಮಳೆಗೆ ಕುಂಡವನ್ನು ಹೊರಗಿಟ್ಟರೆ ಉಪ್ಪು ತೊಳೆದುಹೋಗುತ್ತದೆ. ಆಮೇಲೆ ಮಾಡಿನೊಳಗೆ ತನ್ನಿ.

ಚಿಗುರಿನ ಬುಡದ ಮಣ್ಣು ಸರಿಸಿ ನೋಡಿ. ಕಸಿಗಂಟಿನ ಕೆಳಗಿನಿಂದ ಹೊರಟಿದ್ದರೆ ಅದು ಬೇರುಗಿಡದ (ಕಸಿ ಕಟ್ಟಲು ಬಳಸಿದ ಕೆಳಗಿನ ಗಿಡದ) ಕಾಡುಚಿಗುರು, ನಿಮ್ಮ ಕೆಂಪು ಗುಲಾಬಿಯ ಊಟ ಕಸಿಯುತ್ತದೆ. ಎಲೆಯಲ್ಲಿ ಏಳು ಎಸಳಿದ್ದರೆ ಕಾಡು ಎನ್ನುವ ಲೆಕ್ಕ ನಂಬಬೇಡಿ, ಕಸಿಯ ಕೊಂಬೆಯಲ್ಲೂ ಏಳು ಬರುವುದುಂಟು. ಕತ್ತರಿಸಿದರೆ ಉಳಿದ ಬುಡದಿಂದ ಎರಡು ಮೂರು ಚಿಗುರು ಏಳುತ್ತವೆ. ಬುಡದಲ್ಲಿ ಹಿಡಿದು ಕೆಳಮುಖವಾಗಿ ಜಗ್ಗಿ, ಹಿಮ್ಮಡಿ (ಚಿಗುರು ಅಂಟಿಕೊಂಡಿರುವ ಬುಡ) ಸಹಿತ ಕಿತ್ತು, ಗಾಯಕ್ಕೆ ಮುಲಾಮು ಹಚ್ಚಿ, ಎರಡು ದಿನ ಬಿಟ್ಟು ಮಣ್ಣು ಮುಚ್ಚಿ.