ಓಡಿಸಿದವರೂ ಪರಂಗಿಯವರೇ

ಪ್ರಿಯ ಲೇಖಕರೇ,

‘ಅಮೆರಿಕದ ಸ್ವಾತಂತ್ರ್ಯ ಸಂಗ್ರಾಮ’ ಎಂಬ ನಿಮ್ಮ ಲೇಖನ ಕೈಸೇರಿ ಮೂರು ವಾರವಾಯಿತು. ಎರಡು ಸಲ ಓದಿದೆ, ಎರಡನೆಯ ಸಲ ಪೆನ್ಸಿಲ್ ಹಿಡಿದು. ಈಗಿರುವ ಹಾಗೆ ಇದನ್ನು ಅಚ್ಚು ಹಾಕಲು ಆಗುವುದಿಲ್ಲ. ‘ವಿಷಾದಿಸುತ್ತೇವೆ’ ಎಂಬ ಒಂದು ಸಾಲಿನ ಕಾರ್ಡು ಬರೆದು ಕೈತೊಳೆದುಕೊಳ್ಳಲೂ ಮನಸ್ಸು ಬರಲಿಲ್ಲ. ನೀವು ಶ್ರದ್ಧೆಯಿಂದ ಓದಿಕೊಂಡಿದ್ದೀರಿ. ಇಸವಿಗಳಲ್ಲಿ ಒಂದೂ ತಪ್ಪಿಲ್ಲ. ಎಡವಿರುವುದು ಬೇರೆ ಕಡೆ.

“ಪರಂಗಿಯವರ ದಾಸ್ಯದ ಸಂಕೋಲೆಯನ್ನು ಕಿತ್ತೊಗೆಯಲು ಅಮೆರಿಕದ ಜನತೆ ಕಂಕಣ ತೊಟ್ಟು ನಿಂತಿತು” ಎಂದು ಶುರು ಮಾಡುತ್ತೀರಿ. ಸ್ವಾಮೀ, ಓಡಿಸಿಕೊಂಡವರು ಪರಂಗಿಯವರು, ಒಪ್ಪಿದೆ. ಓಡಿಸಿದವರೂ ಪರಂಗಿಯವರೇ ಅಲ್ಲವೇ? ನಮ್ಮ 1942ರ ಚಳವಳಿಯ ಮಾತುಗಳನ್ನು ತಂದು ಬೋಸ್ಟನ್ನಿನ ಬೀದಿಯಲ್ಲಿ ನಿಲ್ಲಿಸಿಬಿಟ್ಟಿದ್ದೀರಿ. ಹದಿಮೂರು ವಸಾಹತುಗಳ ಆ ಜನ 1765ರಲ್ಲಿ ಸ್ಟಾಂಪ್ ಕಾಯಿದೆಯ ವಿರುದ್ಧ ಎದ್ದಾಗ ತಾವೂ ಇಂಗ್ಲಿಷರೇ ಎಂಬುದೇ ಅವರ ವಾದದ ಬುಡವಾಗಿತ್ತು. ಲಂಡನ್ನಿನ ಪಾರ್ಲಿಮೆಂಟಿನಲ್ಲಿ ತಮ್ಮ ಪರವಾಗಿ ಒಬ್ಬನೇ ಒಬ್ಬ ಸದಸ್ಯನಿಲ್ಲ. ಆದರೂ ಪತ್ರಿಕೆಗೆ, ಕರಾರುಪತ್ರಕ್ಕೆ, ಕೊನೆಗೆ ಇಸ್ಪೀಟಿನ ಕಟ್ಟಿಗೂ ಮುದ್ರೆ ಹಾಕಿಸಿ ಸುಂಕ ಕಟ್ಟಬೇಕು. ಇಂಗ್ಲಿಷರ ಹಕ್ಕು ಇಂಗ್ಲಿಷರಾದ ತಮಗೇಕಿಲ್ಲ ಎಂಬುದು ಅವರ ತಕರಾರು.

ಮರುವರ್ಷ ಆ ಕಾಯಿದೆ ರದ್ದಾಯಿತು. ನ್ಯೂಯಾರ್ಕಿನವರು ಎಷ್ಟು ಹಿಗ್ಗಿದರೆಂದರೆ 1770ರಲ್ಲಿ ದೊರೆ ಮೂರನೆಯ ಜಾರ್ಜನಿಗೆ ಕುದುರೆಯ ಮೇಲೆ ಕೂತ, ಚಿನ್ನದ ಲೇಪದ ಸೀಸದ ಪ್ರತಿಮೆಯನ್ನೇ ನಿಲ್ಲಿಸಿದರು. ಅದೇ ಊರಿನಲ್ಲಿ 1776ರ ಜುಲೈ 9ರಂದು ಸ್ವಾತಂತ್ರ್ಯ ಘೋಷಣೆಯನ್ನು ಓದಿ ಹೇಳಿದ ಸಂಜೆ, ಗುಂಪೊಂದು ಹಗ್ಗ ಬಿಗಿದು ಆ ದೊರೆಯನ್ನು ನೆಲಕ್ಕುರುಳಿಸಿತು. ತುಂಡರಿಸಿದ ಸೀಸದಲ್ಲಿ ಬಹುಪಾಲು ಕರಗಿ ಬಂದೂಕಿನ ಗುಂಡುಗಳಾಯಿತು. ಆರು ವರ್ಷಗಳಲ್ಲಿ ಇವರಿಗೆ ಏನಾಯಿತು? ನೀವು ಬರೆಯಬೇಕಿದ್ದ ಲೇಖನ ಅದು. ನಿಮ್ಮ ವೀರರು ಮೊದಲ ಸಾಲಿನಲ್ಲೇ ದಂಗೆಗೆ ಸಜ್ಜಾಗಿ ನಿಂತಿರುವುದರಿಂದ ಅವರು ಎಲ್ಲೂ ಬದಲಾಗುವುದಿಲ್ಲ.

ನಾಲ್ಕನೆಯ ಪುಟದಲ್ಲಿ “ದುಬಾರಿ ತೆರಿಗೆಯಿಂದ ಕಂಗೆಟ್ಟ ಜನ ಚಹಾವನ್ನು ಸಮುದ್ರಕ್ಕೆ ಎಸೆದರು” ಎಂದಿದೆ. 1773ರ ಕಾಯಿದೆಯಿಂದ ಚಹಾ ಅಗ್ಗವಾಗಿತ್ತು! ಈಸ್ಟ್ ಇಂಡಿಯಾ ಕಂಪನಿಯ ಲಂಡನ್ ಗೋದಾಮುಗಳಲ್ಲಿ ಮಾರಾಟವಾಗದ ಚಹಾ ಬೆಟ್ಟದಷ್ಟು ಬಿದ್ದಿತ್ತು. ಅದನ್ನು ನೇರವಾಗಿ ಅಮೆರಿಕಕ್ಕೆ ಸಾಗಿಸಲು ಪಾರ್ಲಿಮೆಂಟು ಕಂಪನಿಗೆ ಅನುವು ಮಾಡಿಕೊಟ್ಟಿತು, ಪೌಂಡ್ ತೂಕಕ್ಕೆ ಮೂರು ಪೆನ್ನಿಯ ಸುಂಕವನ್ನು ಮಾತ್ರ ಉಳಿಸಿಕೊಂಡಿತು. ಅಗ್ಗದ ಚಹಾ ಕುಡಿದರೆ ಆ ಸುಂಕ ಹಾಕುವ ಅಧಿಕಾರವನ್ನೂ ಅದರ ಜೊತೆಗೇ ನುಂಗಿದಂತೆ. ಸ್ಥಳೀಯ ವರ್ತಕರಿಗೂ ಹೊಟ್ಟೆಯುರಿ, ಡಚ್ಚರ ಚಹಾವನ್ನು ಕದ್ದು ತಂದು ಮಾರುತ್ತಿದ್ದವರಿಗಂತೂ ಹೊಟ್ಟೆಪಾಡಿನ ಪ್ರಶ್ನೆ. ತತ್ವವೂ ಲಾಭವೂ ಒಂದೇ ಕೊರಳಲ್ಲಿ ಕೂಗುತ್ತಿದ್ದವು. ಇದನ್ನು ಬರೆದರೆ ಹೋರಾಟಕ್ಕೆ ಮಸಿ ಬಳಿದಂತಾಗುತ್ತದೆ ಎಂದು ಹೆದರಿದಿರೋ ಏನೋ.

ಬೋಸ್ಟನ್ ಬಂದರಿನಲ್ಲಿ ಚಹಾ ಎಸೆದ ಡಿಸೆಂಬರ್ 16ರ ಆ ರಾತ್ರಿಗೆ ನೀವು ಕೊಟ್ಟಿರುವುದು ಒಂದು ವಾಕ್ಯ, ಅದರಲ್ಲಿ ನಾಲ್ಕು ವಿಶೇಷಣ. ನಾನಾಗಿದ್ದರೆ ಎರಡು ಪುಟ ಕೊಡುತ್ತಿದ್ದೆ. ಮೂರು ಹಡಗು, 342 ಪೆಟ್ಟಿಗೆ, 40 ಟನ್ನಿಗೂ ಮಿಕ್ಕಿದ ಚಹಾ. ಮೋಹಾಕ್ ಎಂಬ ಅಲ್ಲಿನ ಮೂಲನಿವಾಸಿಗಳ ವೇಷ ಹಾಕಿ, ಮುಖಕ್ಕೆ ಮಸಿ ಬಳಿದುಕೊಂಡವರು ಕೊಡಲಿಯಿಂದ ಪೆಟ್ಟಿಗೆ ಒಡೆಯುತ್ತಿದ್ದಾರೆ. ಕಡಲು ಇಳಿತದಲ್ಲಿದೆ, ಸುರಿದ ಎಲೆ ಕೊಚ್ಚಿಹೋಗದೆ ಹುಲ್ಲು ಮೆದೆಯ ಹಾಗೆ ಹಡಗಿನ ಪಕ್ಕದಲ್ಲೇ ರಾಶಿ ಬೀಳುತ್ತಿದೆ. ಮೆಲ್ಲಗೆ ಕೋಟಿನೊಳಗೆ ಚಹಾ ತುಂಬಿಕೊಳ್ಳುತ್ತಿದ್ದವನು ಸಿಕ್ಕಿಬಿದ್ದು ಏಟು ತಿನ್ನುತ್ತಾನೆ. ಹಡಗಿನ ಬೇರೆ ಸರಕನ್ನು ಮುಟ್ಟುವವರಿಲ್ಲ. ಒಡೆದುಹೋದ ಒಂದು ಬೀಗಕ್ಕೆ ಆಮೇಲೆ ಹೊಸ ಬೀಗ ತಂದುಕೊಟ್ಟರಂತೆ. ‘ಜ್ವಾಲಾಮುಖಿಯಂತೆ ಸ್ಫೋಟಿಸಿದ ಜನಾಕ್ರೋಶ’ ಎಂಬ ನಿಮ್ಮ ಮಾತನ್ನು ಆ ಬೀಗದ ಪಕ್ಕದಲ್ಲಿಟ್ಟು ನೋಡಿ.

ಇನ್ನು ಖಾರದ ಮಾತು. ‘ಗುಲಾಮಗಿರಿ’ ಎಂಬ ಪದವನ್ನು ಒಂಬತ್ತು ಕಡೆ ಬಳಸಿದ್ದೀರಿ, ಒಂಬತ್ತೂ ಕಡೆ ರೂಪಕವಾಗಿ. ಆ ವಸಾಹತುಗಳಲ್ಲಿ ಸುಮಾರು ಐವರಲ್ಲಿ ಒಬ್ಬರು ನಿಜವಾದ ಗುಲಾಮರಾಗಿದ್ದರು. ಅವರು ಲೇಖನದಲ್ಲಿ ಇಲ್ಲವೇ ಇಲ್ಲ. ಬಂಡುಕೋರರ ಗುಲಾಮರು ತನ್ನ ಸೇನೆಗೆ ಸೇರಿದರೆ ಬಿಡುಗಡೆ ಎಂದು ವರ್ಜೀನಿಯಾದ ಬ್ರಿಟಿಷ್ ಗವರ್ನರ್ ಡನ್‌ಮೋರ್ 1775ರಲ್ಲಿ ಸಾರಿದ. ಸ್ವತಃ ಬಂಡುಕೋರರ ದಂಡನಾಯಕ ಜಾರ್ಜ್ ವಾಷಿಂಗ್ಟನ್ನನ ತೋಟದಿಂದ ಹ್ಯಾರಿ ಎಂಬಾತ ಓಡಿಹೋಗಿ ಬ್ರಿಟಿಷರನ್ನು ಸೇರಿಕೊಂಡ. 1783ರಲ್ಲಿ ಬ್ರಿಟಿಷರು ನ್ಯೂಯಾರ್ಕನ್ನು ತೆರವು ಮಾಡುವಾಗ ಹಡಗು ಹತ್ತಿದ ಸುಮಾರು 3,000 ಕರಿಯರ ದಾಖಲೆಪುಸ್ತಕದಲ್ಲಿ ಹ್ಯಾರಿ ವಾಷಿಂಗ್ಟನ್ ಎಂಬ ಹೆಸರಿದೆ. ಧಣಿ ಸಾಮ್ರಾಜ್ಯದಿಂದ ಬಿಡುಗಡೆ ಹುಡುಕಿದ, ಆಳು ಸಾಮ್ರಾಜ್ಯದ ಹಡಗಿನಲ್ಲಿ ಬಿಡುಗಡೆ ಕಂಡ. ಇಂಥದ್ದು ಕಣ್ಣಿಗೆ ಬಿದ್ದ ಮೇಲೂ ಸಂಕೋಲೆ, ಕಂಕಣ ಎಂದು ಬರೆಯಲು ನಿಮಗೆ ಕೈ ಬಂದೀತೇ?

ಯುದ್ಧದ ಭಾಗವನ್ನು ಅರ್ಧಕ್ಕೆ ಇಳಿಸಿ. ವಾಷಿಂಗ್ಟನ್ ಗೆದ್ದದ್ದಕ್ಕಿಂತ ಹಿಮ್ಮೆಟ್ಟಿದ್ದೇ ಹೆಚ್ಚು. ಅವನ ಹೆಚ್ಚುಗಾರಿಕೆ ಸೇನೆ ಚದುರಿಹೋಗದಂತೆ ಹಿಡಿದಿಟ್ಟುಕೊಂಡದ್ದರಲ್ಲಿದೆ. 1777ರಲ್ಲಿ ಸಾರಟೋಗಾದಲ್ಲಿ ಬ್ರಿಟಿಷ್ ಸೇನಾನಿ ಬರ್ಗಾಯ್ನ್ ಶರಣಾದ ಮೇಲೆ ಫ್ರೆಂಚರು ಜೊತೆಗೂಡಿದರು. 1781ರಲ್ಲಿ ಯಾರ್ಕ್‌ಟೌನಿನಲ್ಲಿ ಇನ್ನೊಬ್ಬ ಬ್ರಿಟಿಷ್ ಸೇನಾನಿ ಕಾರ್ನ್‌ವಾಲಿಸನ ಬೆನ್ನ ಹಿಂದಿನ ಕಡಲನ್ನು ಮುಚ್ಚಿದ್ದು ಫ್ರೆಂಚ್ ನೌಕಾಪಡೆ. ನಿಮ್ಮ ಲೇಖನದಲ್ಲಿ ಫ್ರೆಂಚರಿಗೆ ಸಿಕ್ಕಿರುವುದು ಒಂದು ಅಲ್ಪವಿರಾಮದಷ್ಟು ಜಾಗ.

ಕೊನೆಯಲ್ಲಿ “ಈ ಹೋರಾಟ ಭಾರತಕ್ಕೂ ಸ್ಫೂರ್ತಿಯಾಯಿತು” ಎಂದು ಒಂದು ಸಾಲನ್ನು ಅಂಟಿಸಿದ್ದೀರಿ. ಅಂಟು ಕಾಣುತ್ತದೆ. ನಂಟು ಬೇಕಿದ್ದರೆ ಫ್ರೆಂಚರ ಬೆನ್ನು ಹತ್ತಿ ಹೋಗಿ. ಅವರು ಯುದ್ಧಕ್ಕಿಳಿದದ್ದರಿಂದ ಬ್ರಿಟಿಷರು 1779ರಲ್ಲಿ ಫ್ರೆಂಚರ ವಶದಲ್ಲಿದ್ದ ಮಲಬಾರಿನ ಮಾಹೆಯನ್ನು ಹಿಡಿದರು. ಆ ಬಂದರಿನ ಮೂಲಕ ಯುದ್ಧಸಾಮಗ್ರಿ ತರಿಸಿಕೊಳ್ಳುತ್ತಿದ್ದ ಹೈದರಾಲಿ ಕೆರಳಿದ. ಮರುವರ್ಷ ಎರಡನೆಯ ಮೈಸೂರು ಯುದ್ಧ. ಆ ಸುದ್ದಿ ಅಷ್ಟು ದೂರ ಮುಟ್ಟಿತ್ತು: 1782ರ ಏಪ್ರಿಲಿನಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಬ್ರಿಟಿಷ್ ಹಡಗೊಂದನ್ನು ಸೆರೆಹಿಡಿದ ಪೆನ್ಸಿಲ್ವೇನಿಯಾದ ಹಡಗಿನ ಹೆಸರು ‘ಹೈದರ್ ಅಲಿ’. ಯಾರ್ಕ್‌ಟೌನಿನಲ್ಲಿ ಕಾಯಿಲೆಯ ನೆಪ ಹೇಳಿ ಶರಣಾಗತಿಗೆ ಬೇರೊಬ್ಬನ ಕೈಯಲ್ಲಿ ಕತ್ತಿ ಕೊಟ್ಟು ಕಳಿಸಿದ ಕಾರ್ನ್‌ವಾಲಿಸನೇ 1792ರಲ್ಲಿ ಶ್ರೀರಂಗಪಟ್ಟಣದ ಎದುರು ಬೀಡುಬಿಟ್ಟು ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಿರಿಸಿಕೊಂಡವನು. ಬೇಕಾದರೆ ಇಷ್ಟನ್ನೇ ಪ್ರತ್ಯೇಕ ಲೇಖನ ಮಾಡಿ, ಮೊದಲು ನನಗೇ ಕಳಿಸಿ.

ಹನ್ನೆರಡು ಪುಟವನ್ನು ಆರಕ್ಕೆ ತನ್ನಿ. ಆ ಪ್ರತಿಮೆಯಿಂದ ಶುರು ಮಾಡಬಹುದು, ಹಠವೇನಿಲ್ಲ. ಯುಗಾದಿ ಕಳೆದ ಮೇಲೆ ಕಳಿಸಿದರೂ ನಡೆಯುತ್ತದೆ. ಪುಟಸಂಖ್ಯೆ ಹಾಕುವಾಗ ಸ್ವಲ್ಪ ನೋಡಿಕೊಳ್ಳಿ. ಈ ಸಲ ಏಳನೆಯ ಪುಟ ಎರಡಿವೆ, ಎಂಟನೆಯದು ಇಲ್ಲ.

ಇಂತು,
ಸಂಪಾದಕ